ಗೌರಿ ಹೂವಿನ ಬಳ್ಳಿ: ಅಡಿಕೆ ಹಾಳೆ, ಹುಣಸೆಬೀಜ, ಕೆಮ್ಮಣ್ಣು

ನಮ್ಮ ತೋಟದ ಬೇಲಿಯಲ್ಲಿ ಪ್ರತಿ ಮಳೆಗಾಲ ಗೌರಿ ಹೂ ಬಿಡುತ್ತದೆ. ಯಾರೂ ನೆಟ್ಟಿದ್ದಲ್ಲ. ಮುಂಗಾರು ಹಿಡಿದ ಮೇಲೆ ಒಂದು ಮೊಳಕೆ ಏಳುತ್ತದೆ. ಬೇಲಿ ಗೂಟ ಹಿಡಿದು ಹತ್ತುತ್ತದೆ. ಗೌರಿ ಹಬ್ಬದ ಹೊತ್ತಿಗೆ ಬೇಲಿಗೆ ಬೆಂಕಿ ಹತ್ತಿದ ಹಾಗೆ ಕಾಣುತ್ತದೆ. ಅಗ್ನಿಶಿಖೆ ಅನ್ನುವ ಹೆಸರು ಸುಮ್ನೆ ಬಂದಿದ್ದಲ್ಲ. ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಬಳ್ಳಿ ಪೂರ್ತಿ ಒಣಗಿ ಹೋಗುತ್ತದೆ. ಗಡ್ಡೆ ಮಾತ್ರ ಮಣ್ಣೊಳಗೆ ಮುಂದಿನ ಮಳೆಯವರೆಗೂ ಮಲಗಿರುತ್ತದೆ.

ಇದನ್ನು ಕೈಯಲ್ಲಿ ಮಾಡಬೇಕು ಅನ್ನುವ ಆಸೆ ಮೂರು ವರ್ಷದಿಂದ ಇತ್ತು. ಕಾಗದದ ಮೇಲೆ ಚಿತ್ರ ಬರೆದು ನೋಡಿದ್ದೆ, ಸಮಾಧಾನ ಆಗಿರಲಿಲ್ಲ. ಈ ಹೂವನ್ನು ಕೆಳಗಿನಿಂದ, ಪಕ್ಕದಿಂದ, ಹಿಂದಿನಿಂದ ನೋಡಿದರೆ ಮೂರು ಬೇರೆ ಬೇರೆ ಹೂವಿನ ಹಾಗೆ ಇರುತ್ತದೆ. ಚಪ್ಪಟೆ ಕಾಗದದಲ್ಲಿ ಅದು ಸಿಗುವುದಿಲ್ಲ. ಹಾಗಾಗಿ ಈ ಸಲ ಗಡ್ಡೆಯಿಂದ ಹೂವಿನವರೆಗೆ ಇಡೀ ಗಿಡವನ್ನೇ ಮೂರಡಿ ಎತ್ತರಕ್ಕೆ ಮಾಡಲು ಹೊರಟೆ. ಕೆಳಗೆ ಕೆಮ್ಮಣ್ಣು ಬಳಿದ ಬುಟ್ಟಿ, ಅದರೊಳಗೆ ಅರ್ಧ ಕಾಣುವ ಹಾಗೆ ಗಡ್ಡೆ, ಒಂದು ಪೇರಲೆ ಕೊಂಬೆ, ಅದನ್ನು ಹತ್ತುವ ಬಳ್ಳಿ, ಐದು ಹೂ. ಶ್ರಾವಣದಲ್ಲಿ ಶುರು ಮಾಡಿ ಆಶ್ವೀಜದ ಭೂಮಿ ಹುಣ್ಣಿಮೆಗೆ ಮುಗಿಸಬೇಕು ಅಂತ ಲೆಕ್ಕ ಹಾಕಿದೆ. ನಾವಿರುವುದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ. ಇಲ್ಲಿ ಶ್ರಾವಣದಲ್ಲಿ ಒಂದು ಟವೆಲ್ ಒಣಗುವುದಕ್ಕೇ ಮೂರು ದಿನ ಬೇಕು. ಆ ಲೆಕ್ಕ ಕೊನೆಯವರೆಗೂ ಕಾಡಿತು.

ಮೊದಲು ನೋಡಿದ್ದು

ನಾಲ್ಕು ದಿನ ಏನೂ ಮಾಡಲಿಲ್ಲ. ಬೆಳಿಗ್ಗೆ ಬೇಲಿ ಹತ್ತಿರ ನಿಂತು ನೋಡಿದೆ, ಅಷ್ಟೇ.

ಹೂವು ತಲೆ ಕೆಳಗೆ ಮಾಡಿ ತೂಗುತ್ತದೆ. ಆದರೆ ಆರೂ ದಳ ಹಿಂದಕ್ಕೆ ಬಾಗಿ ಮೇಲಕ್ಕೆ ನಿಂತಿರುತ್ತವೆ. ದಳದ ಅಂಚು ನೆರಿಗೆ ಹಾಕಿದ ಹಾಗೆ ಅಲೆ ಅಲೆ. ಕೇಸರದ ಆರು ಕಡ್ಡಿಗಳು ಕೊಡೆಯ ಕಡ್ಡಿಗಳ ಹಾಗೆ ಸುತ್ತ ಚಾಚಿಕೊಂಡಿರುತ್ತವೆ. ಪ್ರತಿ ಕಡ್ಡಿಯ ತುದಿಗೆ ಪರಾಗದ ಚೀಲ ಅಡ್ಡಲಾಗಿ, ತಕ್ಕಡಿಯ ದಂಡಿಗೆಯ ಹಾಗೆ ನಡುವಲ್ಲಿ ಮಾತ್ರ ಅಂಟಿಕೊಂಡಿರುತ್ತದೆ. ನಡುವೆ ಹಸಿರು ಕಾಯಿ. ಅದರಿಂದ ಹೊರಡುವ ಕಡ್ಡಿ ನೇರ ಕೆಳಗೆ ಬರುವುದಿಲ್ಲ. ಬುಡದಲ್ಲೇ ಮುರಿದ ಹಾಗೆ ಪಕ್ಕಕ್ಕೆ ತಿರುಗುತ್ತದೆ. ತುದಿ ಮೂರು ಸೀಳು. ಚಿಟ್ಟೆ ಬಂದರೆ ಅದರ ರೆಕ್ಕೆಗೆ ಕೇಸರವೂ ತಾಗುತ್ತದೆ, ಈ ಕಡ್ಡಿಯೂ ತಾಗುತ್ತದೆ. ಎರಡು ದಿನ ನೋಡಿದ ಮೇಲೆ ನನಗೆ ಅದು ಅರ್ಥ ಆಯಿತು.

ಬಣ್ಣ ಒಂದೇ ದಿನದ್ದಲ್ಲ. ಮೊಗ್ಗು ಹಸಿರು. ಅರಳುವಾಗ ಹಳದಿ. ಆಮೇಲೆ ತುದಿಯಿಂದ ಕೆಂಪು ಇಳಿಯುತ್ತಾ ಬರುತ್ತದೆ. ಕೊನೆಗೆ ಪೂರ್ತಿ ಕೆಂಪು. ಒಂದೇ ಬಳ್ಳಿಯಲ್ಲಿ ಎಲ್ಲ ವಯಸ್ಸಿನ ಹೂವೂ ಇರುತ್ತದೆ.

ಎಲೆಯ ವಿಷಯ ಇನ್ನೂ ಚೆಂದ. ಎಷ್ಟೋ ಬಳ್ಳಿಗಳಿಗೆ ಕುಡಿಬಳ್ಳಿ ಬೇರೆ, ಎಲೆ ಬೇರೆ. ಇದಕ್ಕೆ ಎಲೆಯ ತುದಿಯೇ ಸಣ್ಣಗಾಗಿ, ಸುರುಳಿ ಸುತ್ತಿ, ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತದೆ.

ಗಡ್ಡೆಯನ್ನು ಅಗೆದು ನೋಡಲಿಲ್ಲ. ಹೋದ ವರ್ಷ ಬಸಿಗಾಲುವೆ ಹೂಳು ತೆಗೆಯುವಾಗ ಒಂದು ಮೇಲೆ ಬಂದಿತ್ತು. ಅದರ ಅಳತೆ ಬರೆದಿಟ್ಟು ವಾಪಸ್ ಮಣ್ಣಿಗೆ ಹಾಕಿದ್ದೆ. ಎರಡು ತೋಳು ಕೋನವಾಗಿ ಸೇರಿದ ಆಕಾರ, ಥೇಟ್ ನೇಗಿಲು. ಸಂಸ್ಕೃತದಲ್ಲಿ ಇದಕ್ಕೆ ಲಾಂಗಲಿ ಅನ್ನುತ್ತಾರೆ. ಲಾಂಗಲ ಅಂದರೆ ನೇಗಿಲು. ಮಕ್ಕಳಿರುವ ಮನೆಯವರು ಒಂದು ವಿಷಯ ನೆನಪಿಡಿ. ಈ ಗಿಡದ ಎಲ್ಲ ಭಾಗವೂ ವಿಷ, ಗಡ್ಡೆ ಮತ್ತು ಬೀಜ ಜಾಸ್ತಿ ವಿಷ. ಅದರಲ್ಲಿರುವುದು ಕೋಲ್ಚಿಸಿನ್. ಗೌಟ್ ಕಾಯಿಲೆಗೆ ಕೊಡುವ ಔಷಧಿಯೂ ಅದೇ, ಆದರೆ ಅಳತೆ ತಪ್ಪಿದರೆ ಜೀವಕ್ಕೆ ಅಪಾಯ. ಮುಟ್ಟಿದರೆ ಕೈ ತೊಳೆಯಿರಿ. ಹಾಗಂತ ಬೇಲಿಯಿಂದ ಕಿತ್ತು ಹಾಕಬೇಡಿ, ದೂರದಿಂದ ನೋಡಿದರೆ ಏನೂ ಮಾಡುವುದಿಲ್ಲ.

ಗಡ್ಡೆ: ಎರಡು ಸಲ ಹಾಳಾಯಿತು

ಗಡ್ಡೆಗೆ ಕಾಗದದ ಮುದ್ದೆ ಅಂತ ಮೊದಲೇ ತೀರ್ಮಾನ. ನಮ್ಮ ಅಮ್ಮ ಮೊರಕ್ಕೆ ಹಚ್ಚುತ್ತಿದ್ದ ಮುದ್ದೆ ಅದು. ಹಳೇ ಪೇಪರ್ ಚೂರು ಮಾಡಿ ಎರಡು ದಿನ ನೆನೆಸಬೇಕು. ಮೆಂತ್ಯ ಒಂದು ರಾತ್ರಿ ನೆನೆಸಬೇಕು. ಎರಡನ್ನೂ ಸೇರಿಸಿ ರುಬ್ಬಿದರೆ ಬೆಣ್ಣೆ ಹಾಗೆ ಬರುತ್ತದೆ. ಬಿದಿರಿನ ಮೊರದ ಸಂದಿಗೆಲ್ಲ ಅದನ್ನು ಬಳಿದರೆ ಹಿಟ್ಟು ಸೋರುವುದಿಲ್ಲ, ಮೊರವೂ ವರ್ಷಗಟ್ಟಲೆ ಬಾಳುತ್ತದೆ. ನಾನು ಅರ್ಧ ಕೆಜಿ ಕಾಗದಕ್ಕೆ ನೂರು ಗ್ರಾಂ ಮೆಂತ್ಯ ಹಾಕಿದೆ.

ಇದಕ್ಕೆ ಹುಣಸೆಬೀಜದ ಅಂಟನ್ನೂ ಸೇರಿಸಿದೆ. ಈ ಯೋಚನೆ ಬಂದಿದ್ದು ಕಿನ್ನಾಳದ ಗೊಂಬೆಗಳಿಂದ. ಕೊಪ್ಪಳ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಹಗುರ ಮರದ ತುಂಡುಗಳನ್ನು ಜೋಡಿಸಿ ಗೊಂಬೆ ಮಾಡುತ್ತಾರೆ. ಮರದ ಪುಡಿ, ಗೋಣಿ ಚಿಂದಿಯ ಪುಡಿ, ಹುಣಸೆಬೀಜದ ಅಂಟು ಕಲಸಿದ ಮುದ್ದೆಗೆ ಅಲ್ಲಿ ಕಿಟ್ಟ ಅನ್ನುತ್ತಾರೆ. ಜೋಡಿಸಿದ ಕಡೆ, ಉಬ್ಬಬೇಕಾದ ಕಡೆ ಅದನ್ನು ತುಂಬುತ್ತಾರೆ. ಒಣಗಿದ ಮೇಲೆ ಅದು ಮರಕ್ಕೆ ಮರವೇ ಆಗುತ್ತದೆ. ಅಂಟು ಮಾಡುವುದು ಕಷ್ಟ ಇಲ್ಲ, ಹೊತ್ತು ಬೇಕು. ಬೀಜ ಹುರಿದು, ಕುಟ್ಟಿ ಸಿಪ್ಪೆ ತೆಗೆದು, ರಾತ್ರಿ ನೆನೆಸಿ, ನುಣ್ಣಗೆ ರುಬ್ಬಿ, ನಾಲ್ಕು ಪಟ್ಟು ನೀರು ಹಾಕಿ ಸಣ್ಣ ಉರಿಯಲ್ಲಿ ಗಂಜಿ ಹದಕ್ಕೆ ಕುದಿಸಬೇಕು. ಕೈ ಬಿಡದೆ ತಿರುಗಿಸಬೇಕು, ಇಲ್ಲದಿದ್ದರೆ ತಳ ಹಿಡಿಯುತ್ತದೆ.

ಮೊದಲ ಗಡ್ಡೆಯನ್ನು ಒಂದೇ ಮುದ್ದೆಯಾಗಿ ಕಟ್ಟಿದೆ. ದಪ್ಪ ಎರಡೂವರೆ ಇಂಚು. ಒಂದು ವಾರಕ್ಕೆ ಹೊರಗೆ ಗಟ್ಟಿಯಾಯಿತು. ಕೈಗೆ ಮಾತ್ರ ಭಾರ ಜಾಸ್ತಿ ಅನ್ನಿಸುತ್ತಿತ್ತು. ಹತ್ತನೇ ದಿನ ವಾಸನೆ ಬಂತು. ಕೊಯ್ದು ನೋಡಿದರೆ ಒಳಗೆ ಪೂರ್ತಿ ಹಸಿ, ಕಪ್ಪು ಬೂಸ್ಟು.

ಎರಡನೇ ಸಲ ಒಳಗೆ ಕಬ್ಬಿಣದ ಕಟ್ಟುತಂತಿಯ ಚೌಕಟ್ಟು ಮಾಡಿ, ಮೇಲೆ ತೆಳುವಾಗಿ ಮುದ್ದೆ ಹಚ್ಚಿದೆ. ಬೂಸ್ಟು ಬರಬಾರದು ಅಂತ ಅಂಟಿಗೆ ಕಾಲು ಚಮಚ ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕಿದೆ. ಅಡಿಕೆ ತೋಟದ ಮನೆಯಲ್ಲಿ ಮೈಲುತುತ್ತಕ್ಕೆ ಬರ ಇಲ್ಲ, ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯಲು ತಂದಿದ್ದು ಇದ್ದೇ ಇತ್ತು. ಬೂಸ್ಟು ಬರಲಿಲ್ಲ. ಬದಲಿಗೆ ನಾಲ್ಕನೇ ದಿನ ಗಡ್ಡೆಯ ಮೈಮೇಲೆ ತುಕ್ಕಿನ ಕಲೆ ಗೆರೆ ಗೆರೆಯಾಗಿ ಹೊರಗೆ ಬಂತು. ಒಂದು ಕಡೆ ತಂತಿ ಒತ್ತಿದರೆ ಮುರಿಯಿತು.

ಯಾಕೆ ಅಂತ ಹೇಳಿದ್ದು ನಮ್ಮ ಭಾವ. "ಬೋರ್ಡೋ ಕಲಸಿದಾಗ ಕತ್ತಿ ಅದ್ದಿ ನೋಡ್ತೀವಲ್ಲ, ಅದೇ ಕಥೆ" ಅಂದರು. ಹೌದು. ಬೋರ್ಡೋಗೆ ಸುಣ್ಣ ಸಾಲದಿದ್ದರೆ ಕತ್ತಿಯ ಮೇಲೆ ತಾಮ್ರ ಕೆಂಪಗೆ ಕೂರುತ್ತದೆ. ಮೈಲುತುತ್ತದಲ್ಲಿರುವ ತಾಮ್ರ ಕಬ್ಬಿಣದ ಮೇಲೆ ಕೂತಷ್ಟೂ ಕಬ್ಬಿಣ ಕರಗುತ್ತದೆ. ಹಸಿ ಮುದ್ದೆಯೊಳಗೆ ನನ್ನ ತಂತಿಗೂ ಅದೇ ಆಗಿತ್ತು. ವರ್ಷಕ್ಕೆ ಎರಡು ಸಲ ಕಣ್ಣೆದುರು ನೋಡುವ ವಿಷಯ, ಇಲ್ಲಿ ಹೊಳೆದೇ ಇರಲಿಲ್ಲ.

ಮೂರನೇ ಸಲ ಕಬ್ಬಿಣ ಬಿಟ್ಟೆ. ಭತ್ತದ ಹುಲ್ಲನ್ನು ಬಿಗಿಯಾಗಿ ಹೊಸೆದು, ದಾರ ಸುತ್ತಿ, ನೇಗಿಲ ಆಕಾರದ ತಿರುಳು ಮಾಡಿದೆ. ಅದರ ಮೇಲೆ ಕಾಲಿಂಚು ದಪ್ಪ ಮುದ್ದೆ. ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಎರಡು ದಿನ. ಮತ್ತೆ ಕಾಲಿಂಚು, ಮತ್ತೆ ಎರಡು ದಿನ. ಹೀಗೆ ನಾಲ್ಕು ಸುತ್ತು. ಕೊನೆಯ ಸುತ್ತಿಗೆ ಕಾಗದದ ಬದಲು ಸಾಮಿಲ್‌ನಿಂದ ತಂದ ಮರದ ಪುಡಿಯನ್ನು ಜರಡಿ ಹಿಡಿದು ಅಂಟಲ್ಲಿ ಕಲಸಿ ಹಚ್ಚಿದೆ. ಗಡ್ಡೆಯ ಸಿಪ್ಪೆಯ ಒರಟು ಹಾಗೇ ಬಂತು. ತೂಕ ಕೈಗೆ ಗೊತ್ತೇ ಆಗುವುದಿಲ್ಲ. ತಟ್ಟಿದರೆ ಒಣಗಿದ ಸೋರೆ ಬುರುಡೆಯ ಶಬ್ದ.

ಮೈಲುತುತ್ತ ಬಳಸುವವರು ಅಡುಗೆ ಪಾತ್ರೆ ಮುಟ್ಟಬೇಡಿ. ಪ್ಲಾಸ್ಟಿಕ್ ಡಬ್ಬ, ಕೈಗೆ ಗ್ಲೌಸ್.

ದಳ

ಇಡೀ ಕೆಲಸದ ಜೀವ ಇಲ್ಲಿದೆ. ಮೂವತ್ತು ದಳ ಬೇಕಿತ್ತು, ಒಟ್ಟು ಕತ್ತರಿಸಿದ್ದು ಅರವತ್ತರ ಹತ್ತಿರ.

ಮೊದಲು ದಪ್ಪ ಕಾಗದದಲ್ಲಿ ಮಾಡಿದೆ. ಪೆನ್ಸಿಲ್‌ಗೆ ಸುತ್ತಿ ಬಾಗಿಸಿದರೆ ಬಾಗುತ್ತದೆ. ಆದರೆ ಮಳೆಗಾಲದ ಗಾಳಿಗೆ ಸಂಜೆ ಹೊತ್ತಿಗೆ ಮೆತ್ತಗಾಗಿ ಕೆಳಗೆ ಜೋತು ಬೀಳುತ್ತಿತ್ತು. ಬಟ್ಟೆಗೆ ಅಂಟು ಕುಡಿಸಿ ಮಾಡಿದ್ದು ಗಟ್ಟಿಯಾಗಿ ನಿಂತಿತು. ಆದರೆ ಅದು ಮದುವೆ ಮಂಟಪದ ಹೂವಿನ ಹಾಗೆ ಇತ್ತು. ಎಲ್ಲ ದಳವೂ ಒಂದೇ ಥರ. ನಾನು ಬಾಗಿಸಿದ್ದು ಅಂತ ಎದ್ದು ಕಾಣುತ್ತಿತ್ತು. ಬೇಲಿಯ ಹೂವಿನ ದಳ ತಾನಾಗಿ ತಿರುಗಿದ್ದು ಅಲ್ವಾ?

ಅಂಗಳದಲ್ಲಿ ಬಿದ್ದ ಅಡಿಕೆ ಹಾಳೆ, ಅಂದರೆ ಅಡಿಕೆ ಸೋಗೆಯ ಬುಡದ ಅಗಲ ಭಾಗ, ಕಣ್ಣಿಗೆ ಬಿತ್ತು. ಮೂರು ದಿನದ ಹಿಂದೆ ಬಿದ್ದಾಗ ದೋಣಿಯ ಹಾಗೆ ಅಗಲವಾಗಿತ್ತು. ಜಗಲಿ ಮೂಲೆಯಲ್ಲಿ ಒಣಗಿ ಕೊಳವೆ ಹಾಗೆ ಸುತ್ತಿಕೊಂಡಿತ್ತು. ಹಾಳೆ ಒಣಗಿದರೆ ಯಾವಾಗಲೂ ನುಣುಪಾದ ಒಳಮೈ ಕಡೆಗೇ ಸುತ್ತಿಕೊಳ್ಳುತ್ತದೆ. ಅದರ ನಾರು ಉದ್ದುದ್ದ ಇರುತ್ತದೆ. ಒಣಗುವಾಗ ಕುಗ್ಗುವುದು ಅಗಲದ ಕಡೆಗೆ. ಹಾಳೆ ಟೊಪ್ಪಿ ಮಾಡುವವರಿಗೆ, ಹಾಳೆ ತಟ್ಟೆ ಒತ್ತುವವರಿಗೆ ಇದು ಚೆನ್ನಾಗಿ ಗೊತ್ತು. ನೆನೆಸಿದರೆ ಬಟ್ಟೆ ಹಾಗೆ ಬಾಗುತ್ತದೆ, ಬಿಸಿ ತಾಗಿ ಒಣಗಿದರೆ ಆ ಆಕಾರವನ್ನೇ ಹಿಡಿದು ನಿಲ್ಲುತ್ತದೆ. ತಟ್ಟೆಗೆ ಯಾವ ಅಂಟೂ ಹಾಕುವುದಿಲ್ಲ, ಬಿಸಿ ಅಚ್ಚಿನಲ್ಲಿ ಒತ್ತುತ್ತಾರೆ ಅಷ್ಟೇ.

ಹಾಳೆಯನ್ನು ಒಂದು ಗಂಟೆ ನೀರಲ್ಲಿ ಮುಳುಗಿಸಿಟ್ಟೆ. ನಿಜವಾದ ದಳ ಎರಡೂವರೆ ಇಂಚು ಇರುತ್ತದೆ. ನಾನು ಒಂದೂವರೆ ಪಟ್ಟು ದೊಡ್ಡದು ಮಾಡಿದೆ, ಸುಮಾರು ನಾಲ್ಕಿಂಚು.

ಮೊದಲ ಆರು ದಳಗಳನ್ನು ನಾರಿನ ಉದ್ದಕ್ಕೇ ಕತ್ತರಿಸಿದೆ. ತುಂಬ ಗಟ್ಟಿ. ಆದರೆ ಒಣಗಿದಾಗ ಹಿಂದಕ್ಕೆ ಬಾಗಲಿಲ್ಲ. ಅಂಚುಗಳು ಒಳಗೆ ಮಡಚಿ ತೊಟ್ಟಿಲ ಹಾಗೆ ಆದವು. ಮುಂದಿನ ಆರನ್ನು ನಾರಿಗೆ ಅಡ್ಡಲಾಗಿ ಕತ್ತರಿಸಿದೆ. ಇವು ತಾವಾಗಿ ಚೆನ್ನಾಗಿ ಸುರುಳಿಯಾದವು. ಆದರೆ ಮೂರು ದಳ ಕೈಯಲ್ಲೇ ಸೀಳಿ ಹೋದವು, ಉಪ್ಪಿನ ಹಪ್ಪಳ ಮುರಿದ ಹಾಗೆ.

ಮೂರನೇ ಸಲ ಓರೆಯಾಗಿ ಕತ್ತರಿಸಿದೆ. ನಾರು ದಳದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗುವ ಹಾಗೆ. ಅಟ್ಟದ ಮೇಲೆ ಮೊರದಲ್ಲಿ ಹರಡಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಆರೂ ದಳ ಬಾಗಿದ್ದವು. ಬಾಗಿದ್ದಷ್ಟೇ ಅಲ್ಲ, ಬಾಗುತ್ತಾ ಸ್ವಲ್ಪ ತಿರುಚಿಕೊಂಡಿದ್ದವು. ಒಂದು ಜಾಸ್ತಿ, ಒಂದು ಕಮ್ಮಿ. ಒಂದನ್ನು ಹಿಡಿದುಕೊಂಡು ಬೇಲಿ ಹತ್ತಿರ ಓಡಿದೆ. ಹೂವಿನ ಪಕ್ಕ ಇಟ್ಟು ನೋಡಿದೆ. ಅದೇ ತಿರುವು. ಆ ಬೆಳಿಗ್ಗೆ ಆದ ಸಂತೋಷ ಈ ಕೆಲಸದಲ್ಲಿ ಮತ್ತೆ ಯಾವಾಗಲೂ ಆಗಲಿಲ್ಲ.

ಎಷ್ಟೋ ಬೀಜದ ಕಾಯಿಗಳು ಒಣಗಿ ತಿರುಚಿ ಸಿಡಿಯುವುದು ಇದೇ ಕಾರಣಕ್ಕೆ. ನಾರು ಓರೆ ಇದ್ದರೆ ಕುಗ್ಗುವುದೂ ಓರೆ. ಗಿಡದ ತಿರುವನ್ನು ಮಾಡಲು ಗಿಡದ್ದೇ ಒಂದು ಭಾಗ ಬೇಕಿತ್ತು, ಅಷ್ಟೇ. ನನ್ನ ಬೆರಳಿಗೆ ಆಗದ್ದನ್ನು ಹಾಳೆ ಒಂದು ರಾತ್ರಿಯಲ್ಲಿ ಮಾಡಿತ್ತು.

ಎಡಕ್ಕೆ ಓರೆ ಕತ್ತರಿಸಿದರೆ ಒಂದು ದಿಕ್ಕಿಗೆ, ಬಲಕ್ಕೆ ಓರೆ ಕತ್ತರಿಸಿದರೆ ಇನ್ನೊಂದು ದಿಕ್ಕಿಗೆ ತಿರುಚುತ್ತದೆ. ಒಂದು ಹೂವಿನ ಆರೂ ದಳ ಒಂದೇ ದಿಕ್ಕಿನವು ಇರಲಿ. ಬೆರೆಸಿದರೆ ಒಂದಕ್ಕೊಂದು ಢಿಕ್ಕಿ ಹೊಡೆಯುತ್ತವೆ.

ಅಂಚಿನ ಅಲೆಗೆ ಇನ್ನೊಂದು ಉಪಾಯ. ಒದ್ದೆ ಇರುವಾಗಲೇ ದಳದ ಹಿಂಬದಿಯ ಅಂಚನ್ನು ಬ್ಲೇಡಿನಿಂದ ಹೆರೆದು ತೆಳು ಮಾಡಿದೆ, ಕಾಲಿಂಚು ಅಗಲಕ್ಕೆ. ಆಮೇಲೆ ಹೆಬ್ಬೆರಳು ತೋರುಬೆರಳಲ್ಲಿ ಸೀರೆ ನೆರಿಗೆ ಹಿಡಿದ ಹಾಗೆ ಚಿವುಟುತ್ತಾ ಹೋದೆ. ಇಸ್ತ್ರಿ ಪೆಟ್ಟಿಗೆಯ ಮೂತಿಯನ್ನು ಪ್ರತಿ ನೆರಿಗೆಗೂ ಒಂದೊಂದು ಕ್ಷಣ ತಾಗಿಸಿದೆ. ಚುಯ್ ಅಂತ ಆವಿ ಎದ್ದರೆ ನೆರಿಗೆ ನಿಂತಿತು ಅಂತ ಅರ್ಥ. ಒಣಗಿದ ಹಾಳೆಗೆ ಇಸ್ತ್ರಿ ತಾಗಿಸಬೇಡಿ, ಕಂದು ಕಲೆ ಬೀಳುತ್ತದೆ.

ದಳದ ಬೆನ್ನಿಗೆ ತೆಳು ಪಂಚೆ ಬಟ್ಟೆಯ ಪಟ್ಟಿ ಅಂಟಿಸಿದೆ, ಬುಡದಿಂದ ಅರ್ಧದವರೆಗೆ. ಅದು ಸೀಳದ ಹಾಗೆ ಕಾಯುತ್ತದೆ, ಕಟ್ಟಲು ಬಾಲವೂ ಸಿಗುತ್ತದೆ.

ಬಣ್ಣ

ಹಳದಿಗೆ ಅರಿಶಿನ, ಕೆಂಪಿಗೆ ಅದೇ ಅರಿಶಿನಕ್ಕೆ ಸುಣ್ಣ. ಆರತಿ ನೀರು ಮಾಡುವ ಹಾಗೆ. ಈ ಯೋಚನೆ ಬಂದಾಗ ನಿದ್ದೆಯೇ ಬರಲಿಲ್ಲ. ಹೂವು ಹಳದಿಯಿಂದ ಕೆಂಪಾಗುತ್ತದೆ, ಅರಿಶಿನವೂ ಹಳದಿಯಿಂದ ಕೆಂಪಾಗುತ್ತದೆ. ದಳಕ್ಕೆ ಅರಿಶಿನ ಬಳಿದು, ತುದಿಗೆ ಮಾತ್ರ ಸುಣ್ಣದ ತಿಳಿನೀರು ಮುಟ್ಟಿಸಿದೆ. ಕಣ್ಣೆದುರೇ ಕೆಂಪು ಓಡಿತು, ನಡುವೆ ಕಿತ್ತಳೆ. ಅಷ್ಟು ಚೆಂದದ ಬಣ್ಣ ಬ್ರಷ್‌ನಲ್ಲಿ ಬರೆಯಲು ಬರುವುದಿಲ್ಲ.

ಪರೀಕ್ಷೆಗೆ ಒಂದು ದಳ ಕಿಟಕಿಯಲ್ಲಿ, ಒಂದು ಪೆಟ್ಟಿಗೆಯಲ್ಲಿ ಇಟ್ಟೆ. ವಾರಕ್ಕೆ ಕಿಟಕಿಯದ್ದು ಪೇಲವ. ಕೆಂಪು ಎರಡರಲ್ಲೂ ಮಂಕಾಗಿ ಇಟ್ಟಿಗೆ ಪುಡಿಯ ಬಣ್ಣಕ್ಕೆ ಬಂದಿತ್ತು. ಅರಿಶಿನದ ಹಳದಿ ಬಿಸಿಲಿಗೆ ನಿಲ್ಲುವುದಿಲ್ಲ. ಸುಣ್ಣವೂ ಗಾಳಿಗೆ ದಿನ ಕಳೆದಂತೆ ತನ್ನ ಖಾರ ಕಳೆದುಕೊಳ್ಳುತ್ತದೆ, ಅದರ ಜೊತೆ ಕೆಂಪೂ ಹೋಗುತ್ತದೆ. ತುಂಬ ಬೇಜಾರಾಯಿತು. ಬೇರೆ ದಾರಿ ಇರಲಿಲ್ಲ, ದಳಕ್ಕೆ ಅಕ್ರಿಲಿಕ್ ಬಣ್ಣ ತಂದೆ. ಗಟ್ಟಿಯಾಗಿ ಬಳಿಯದೆ, ನೀರು ಜಾಸ್ತಿ ಮಾಡಿ ತೆಳುವಾಗಿ ನಾಲ್ಕೈದು ಸಲ ಕೊಟ್ಟೆ. ಮೊದಲು ಇಡೀ ದಳಕ್ಕೆ ಹಳದಿ. ಅದು ಒದ್ದೆ ಇರುವಾಗಲೇ ತುದಿಯಿಂದ ಕೆಂಪು. ಹಾಳೆಯ ನಾರಿನ ಗೆರೆ ಬಣ್ಣದ ಕೆಳಗೆ ಕಾಣುತ್ತಿರಬೇಕು, ಅದು ಮುಚ್ಚಿ ಹೋದರೆ ಹಾಳೆ ಬಳಸಿ ಏನು ಬಂತು? ಮೊಗ್ಗು ಹಸಿರು, ಒಂದು ಹೂ ಹಳದಿ, ಎರಡು ಬೆಂಕಿ ಬಣ್ಣ, ಒಂದು ಪೂರ್ತಿ ಕೆಂಪು.

ಎಲೆ, ಬಳ್ಳಿ, ಕೇಸರ

ಇದು ಬೇಗ ಮುಗಿಯಿತು. ಸುಟ್ಟ ಪಂಪ್‌ಸೆಟ್ ಮೋಟಾರಿನಿಂದ ಬಿಚ್ಚಿದ ತಾಮ್ರದ ತಂತಿ ವೈಂಡಿಂಗ್ ಅಂಗಡಿಯಲ್ಲಿ ತೂಕಕ್ಕೆ ಸಿಕ್ಕಿತು. ಹಳೇ ಹತ್ತಿ ಸೀರೆಯ ಎರಡು ಪದರದ ನಡುವೆ ತಂತಿ ಇಟ್ಟು, ಹುಣಸೆ ಅಂಟು ಹಚ್ಚಿ ಒತ್ತಿ, ಒಣಗಿದ ಮೇಲೆ ಎಲೆ ಕತ್ತರಿಸಿದೆ. ತಂತಿ ಎಲೆಯ ತುದಿ ದಾಟಿ ಮೂರಿಂಚು ಹೊರಗೆ ಬಂದಿರುತ್ತದೆ. ಅದನ್ನು ಊದಿನಕಡ್ಡಿಗೆ ಸುತ್ತಿ ಎಳೆದರೆ ಸುರುಳಿ ಸಿದ್ಧ. ಎಲೆಯ ನರವೇ ಕುಡಿಯಾಗಿ ಮುಂದುವರಿಯುತ್ತದೆ, ಗಿಡದಲ್ಲಿ ಇರುವ ಹಾಗೇ.

ಬಳ್ಳಿಗೆ ಎರಡು ತಂತಿ ಹೊಸೆದು ಮೇಲೆ ಬಾಳೆ ನಾರು ಸುತ್ತಿದೆ. ಕೇಸರದ ಕಡ್ಡಿಯೂ ತಂತಿಯೇ. ಅದರ ತುದಿಯ ಪರಾಗಕ್ಕೆ ಏನು ಅಂತ ತುಂಬ ಯೋಚನೆ ಮಾಡಿದೆ. ಕಣಜದ ಹತ್ತಿರ ಚೆಲ್ಲಿದ ಭತ್ತ ನೋಡಿದಾಗ ಉತ್ತರ ಸಿಕ್ಕಿತು. ಒಂದು ತಂತಿಗೆ ಒಂದು ಭತ್ತದ ಕಾಳು, ಅಡ್ಡಲಾಗಿ, ನಡುವಿಗೆ ಒಂದು ಹನಿ ಅಂಟು. ಮೈಯಲ್ಲಿ ಅದೇ ಗೆರೆ, ಅದೇ ಹಳದಿ, ಬಣ್ಣವೇ ಬೇಕಾಗಲಿಲ್ಲ. ನಾಲ್ಕು ಹೂವಿಗೆ ಇಪ್ಪತ್ನಾಲ್ಕು ಕಾಳು. ಐದನೆಯದು ಮೊಗ್ಗು.

ಬುಟ್ಟಿ

ನಮ್ಮ ಕಡೆ ಭೂಮಿ ಹುಣ್ಣಿಮೆಗೆ ದೀವರ ಸಮುದಾಯದ ಮನೆಗಳಲ್ಲಿ ಬುಟ್ಟಿಗೆ ಚಿತ್ತಾರ ಬರೆಯುತ್ತಾರೆ. ಸಗಣಿ, ಕೆಮ್ಮಣ್ಣು ಬಳಿದ ಬಿದಿರಿನ ಬುಟ್ಟಿಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ. ಆಶ್ವೀಜದ ಹುಣ್ಣಿಮೆಯ ದಿನ ಆ ಬುಟ್ಟಿಯಲ್ಲೇ ಅಡುಗೆ ಹೊತ್ತು ಗದ್ದೆಗೆ ಹೋಗಿ, ಹೊಡೆ ತುಂಬಿದ ಭತ್ತಕ್ಕೆ ಚರಗ ಬೀರುತ್ತಾರೆ, ಅಂದರೆ ಆ ಅಡುಗೆಯನ್ನು ಎಡೆಯಾಗಿ ಎರಚುತ್ತಾರೆ. ಬಸುರಿ ಭೂಮಿತಾಯಿಗೆ ಬಯಕೆ ಊಟ. ನೇಗಿಲ ಆಕಾರದ ಗಡ್ಡೆ ಇಡಲು ಇದಕ್ಕಿಂತ ಸರಿಯಾದ ಜಾಗ ಯಾವುದು?

ಆದರೆ ಅದು ನನ್ನ ಮನೆಯ ಕಲೆ ಅಲ್ಲ. ಅಂತರ್ಜಾಲದಲ್ಲಿ ನೋಡಿ ನಾನೇ ಗೆರೆ ಎಳೆದುಬಿಡುವುದು ಸರಿ ಕಾಣಲಿಲ್ಲ. ಕೆಳಗಿನ ಕೇರಿಯ ಅಜ್ಜಿಯನ್ನು ಕೇಳಿದೆ. ಅವರ ಮನೆಯ ಅಟ್ಟದಲ್ಲಿ ಹೋದ ವರ್ಷದ ಬುಟ್ಟಿ ಇತ್ತು, ಅದನ್ನೇ ಕೊಡುತ್ತಾರೇನೋ ಅಂದುಕೊಂಡಿದ್ದೆ.

"ಪೂಜೆ ಮಾಡಿದ್ದನ್ನ ಕೊಡೂಕೆ ಬರಲ್ಲ ಮಾರಾಯ್ತಿ. ಹೊಸ ಬುಟ್ಟಿ ತಗಂಬಾ, ಬರ್ದ್ ಕೊಡ್ತೀನಿ. ನೀನೂ ಕೂತ್ಕಂಡು ಕಲಿ."

ಸಂತೆಯಿಂದ ಮೇದರು ಹೆಣೆದ ಹೊಸ ಬುಟ್ಟಿ ತಂದೆ. ಎರಡು ಸಲ ಕೆಮ್ಮಣ್ಣು, ಸಗಣಿ ಬಳಿದೆವು. ಮಣ್ಣು ಉದುರಬಾರದು ಅಂತ ಎರಡನೇ ಸಲಕ್ಕೆ ಸ್ವಲ್ಪ ಹುಣಸೆ ಅಂಟು ಸೇರಿಸಿದ್ದು ನನ್ನದು. ಅಜ್ಜಿ ಬೆರಳಲ್ಲಿ ಉಜ್ಜಿ ನೋಡಿ "ಅಡ್ಡಿಲ್ಲ" ಅಂದರು.

ಅಕ್ಕಿ ನೆನೆಸಿ ಒರಳಲ್ಲಿ ರುಬ್ಬಿದ್ದು ಬಿಳಿ. ಕಪ್ಪಾಗುವ ತನಕ ಹುರಿದ ಅಕ್ಕಿ ರುಬ್ಬಿದ್ದು ಕಪ್ಪು. ಬ್ರಷ್ ಅಂದರೆ ಪುಂಡಿ ನಾರಿನ ತುದಿ ಜಜ್ಜಿ ಮಾಡಿದ್ದು. ಅಜ್ಜಿ ಆ ನಾರನ್ನು ಹಿಟ್ಟಿಗೆ ಅದ್ದುತ್ತಾರೆ, ಅಂಚಿಗೆ ಒರೆಸುತ್ತಾರೆ, ಬುಟ್ಟಿಯ ಮೇಲೆ ಮಲಗಿಸುತ್ತಾರೆ. ಗೆರೆ ಎಳೆಯುವುದಲ್ಲ, ನಾರನ್ನು ಉದ್ದಕ್ಕೆ ಮಲಗಿಸಿ ಹಗುರಕ್ಕೆ ಎಳೆಯುವುದು. ಗೆರೆಗೆ ಎಳೆ ಅಂತಲೇ ಹೆಸರು. ಹಚ್ಚುವಾಗ ಒದ್ದೆ ಹಿಟ್ಟು ಕಾಣುವುದೇ ಇಲ್ಲ, ಮಣ್ಣಿನ ಬಣ್ಣಕ್ಕೆ ಸೇರಿಹೋಗುತ್ತದೆ. ಒಣಗುತ್ತಾ ಬಂದಂತೆ ಬೆಳ್ಳಗೆ ಮೇಲೇಳುತ್ತದೆ. ಹಾಗಾಗಿ ಎಲ್ಲಿ ಏನು ಬರೆದೆ ಅನ್ನುವುದು ಕೈಗೆ ನೆನಪಿರಬೇಕು. ಅಜ್ಜಿಗೆ ಅದು ನೆನಪಿತ್ತು. ನಾನು ಬರೆದ ಎರಡು ಸಾಲು ಬುಟ್ಟಿಯ ಹಿಂಬದಿಗಿದೆ. ಒಂದು ಕಡೆ ಎಳೆ ಇನ್ನೊಂದು ಎಳೆಯ ಮೇಲೆ ಹತ್ತಿದೆ. ಅಜ್ಜಿ ಅದನ್ನು ಒರೆಸಲು ಬಿಡಲಿಲ್ಲ.

ಬುಟ್ಟಿಗೆ ವಾರ್ನಿಷ್ ಹಚ್ಚಬೇಡಿ. ಒಂದು ಚೂರಿನ ಮೇಲೆ ಹಚ್ಚಿ ನೋಡಿದ್ದೆ. ಕೆಮ್ಮಣ್ಣು ಕಪ್ಪಾಯಿತು, ಬಿಳಿ ಹಳದಿಯಾಯಿತು. ದಳಕ್ಕೆ, ಎಲೆಗೆ ಮಾತ್ರ ಹೊಳಪಿಲ್ಲದ ವಾರ್ನಿಷ್ ಒಂದು ಸಲ ಕೊಟ್ಟೆ, ಹಾಳೆ ಗಾಳಿಯ ತೇವ ಕುಡಿಯದ ಹಾಗೆ.

ಜೋಡಿಸಿದ್ದು

ಬುಟ್ಟಿಯ ತಳಕ್ಕೆ ನದಿಗುಂಡು ಇಟ್ಟು ಭಾರ ಮಾಡಿದೆ. ಪೇರಲೆ ಕೊಂಬೆಯನ್ನು ಗುಂಡುಗಳ ನಡುವೆ ಬಿಗಿ ಮಾಡಿ ನಿಲ್ಲಿಸಿ, ಸುತ್ತ ಮರದ ಪುಡಿಯ ಮುದ್ದೆ ತುಂಬಿ, ಮೇಲೆ ಒಣ ಕೆಮ್ಮಣ್ಣು ಉದುರಿಸಿದೆ. ಗಡ್ಡೆ ಒಂದು ತೋಳು ಒಳಗೆ, ಒಂದು ತೋಳು ಹೊರಗೆ. ಆ ಎರಡರ ನಡುವಿನಿಂದ ಬಳ್ಳಿ ಏಳುತ್ತದೆ.

ಹೂ ಕಟ್ಟುವಾಗ ಒಂದು ತೊಂದರೆ ಆಯಿತು. ತೊಟ್ಟು ತೆಳು ಇದ್ದುದರಿಂದ ಹೂ ತೂಕಕ್ಕೆ ತೀರಾ ಕೆಳಗೆ ಜಗ್ಗಿತು. ನಿಜವಾದ ತೊಟ್ಟು ಮೊದಲು ಚಾಚಿ, ತುದಿಯಲ್ಲಿ ಮಾತ್ರ ಕೊಕ್ಕೆ ಹಾಗೆ ಬಾಗುತ್ತದೆ. ತೊಟ್ಟಿನ ಬುಡದಿಂದ ಮುಕ್ಕಾಲು ಉದ್ದಕ್ಕೆ ಒಂದು ಬಿದಿರಿನ ಸೀಳು ಸೇರಿಸಿ ಮತ್ತೆ ನಾರು ಸುತ್ತಿದೆ. ಕೊನೆಯ ಕಾಲು ಭಾಗ ತಂತಿ ಮಾತ್ರ. ಈಗ ಬಾಗಲ ತೆಗೆದರೆ ಬರುವ ಗಾಳಿಗೆ ಹೂ ತಲೆದೂಗುತ್ತದೆ, ಬೀಳುವುದಿಲ್ಲ.

ಕೊನೆಗೆ ಎಲೆಯ ಸುರುಳಿಗಳನ್ನು ಒಂದೊಂದಾಗಿ ಕೊಂಬೆಗೆ ಸುತ್ತಿದೆ. ಹನ್ನೊಂದು ಎಲೆಗಳಲ್ಲಿ ಎಂಟಕ್ಕೆ ಮಾತ್ರ ಹಿಡಿತ ಸಿಕ್ಕಿದೆ. ಮೂರು ಗಾಳಿಯಲ್ಲಿ ಹುಡುಕುತ್ತಿವೆ. ಬೇಲಿಯಲ್ಲೂ ಹಾಗೇ ಇರುತ್ತದೆ.

ಭೂಮಿ ಹುಣ್ಣಿಮೆಗೆ ಎರಡು ದಿನ ಮೊದಲು ಮುಗಿಯಿತು. ಅಜ್ಜಿಯ ಮನೆ ಜಗಲಿಗೆ ತೆಗೆದುಕೊಂಡು ಹೋಗಿ ಇಟ್ಟೆ. ಅವರು ಕೂತು ಹೂವಿನ ಕೆಳಗಿನಿಂದ ನೋಡಿದರು. ಭತ್ತದ ಕಾಳನ್ನು ಉಗುರಿನಿಂದ ಮೆಲ್ಲಗೆ ತಟ್ಟಿದರು. ತಕ್ಕಡಿ ಹಾಗೆ ಅದು ಸ್ವಲ್ಪ ಆಡಿತು. "ಯಾವ್ ಭತ್ತ ಇದು?" ಅಂತ ಕೇಳಿದರು.

ಆಮೇಲೆ

ಕಾರ್ತಿಕದ ಒಣ ಗಾಳಿ ಶುರುವಾದ ಮೇಲೆ ಎರಡು ದಳ ಇನ್ನಷ್ಟು ಸುತ್ತಿಕೊಂಡವು. ಹಿಂಬದಿಗೆ ವಾರ್ನಿಷ್ ಸರಿಯಾಗಿ ತಾಗಿರಲಿಲ್ಲ. ಒದ್ದೆ ಬಟ್ಟೆಯನ್ನು ಬೆನ್ನಿಗೆ ಹತ್ತು ನಿಮಿಷ ಇಟ್ಟು, ಬೆರಳಲ್ಲಿ ಬಿಡಿಸಿ, ಇಸ್ತ್ರಿ ಮೂತಿ ತಾಗಿಸಿದೆ. ಸರಿಯಾಯಿತು. ಆ ಎರಡರ ಬೆನ್ನಿಗೆ ಮತ್ತೆ ವಾರ್ನಿಷ್ ಕೊಟ್ಟೆ. ಗಡ್ಡೆಯಲ್ಲಿ ಬೂಸ್ಟಿಲ್ಲ, ತುಕ್ಕಿಲ್ಲ.

ಈಗ ಬೇಲಿಯ ಬಳ್ಳಿ ಒಣಗಿದೆ. ಕಾಯಿಗಳು ಮೂರು ಸೀಳಾಗಿ ಒಡೆದು ಒಳಗಿನ ಕೆಂಪು ಬೀಜ ಸಾಲು ಸಾಲಾಗಿ ಕಾಣುತ್ತಿದೆ. ಅದನ್ನೂ ಒಂದು ಮಾಡಿ ಬಳ್ಳಿಯ ಕೆಳಗಿನ ತೊಟ್ಟಿಗೆ ಕಟ್ಟಬೇಕು. ಸಿಪ್ಪೆಗೆ ಹಾಳೆಯೇ, ಓರೆ ಕತ್ತರಿಸಿದ್ದು. ಬೀಜಕ್ಕೆ ಆನೆ ಗುಲಗಂಜಿ ಆಯ್ದು ತಂದಿದ್ದೇನೆ. ಒಂದೂವರೆ ಪಟ್ಟಿನ ಲೆಕ್ಕಕ್ಕೆ ಅದರ ಗಾತ್ರ ಸರಿ ಹೊಂದುತ್ತದೆ. ಹಾಳೆ ಇವತ್ತು ಬೆಳಿಗ್ಗೆ ನೆನೆಹಾಕಿದೆ.